ಹೆಬ್ಬೆರಳಿನ ಸೂಜಿ

ರಾತ್ರಿ ಎರಡೂವರೆಗೆ ಬಂತು.
ಹೊದಿಕೆಯ ಅಂಚು ತಾಗಿದ್ದಷ್ಟೇ,
ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆ ಯಾರೋ
ಬೆರಳ ಮೇಲಿಟ್ಟು ಮರೆತುಹೋದ ಹಾಗೆ.
ಚೇಳಿರಬೇಕೆಂದು ಸುಲೋಚನ
ಟಾರ್ಚು ಹಿಡಿದು ಮಂಚದಡಿ ಹುಡುಕಿದಳು.

ದುರ್ಗಿಗುಡಿಯ ಡಾಕ್ಟರು ಬೆರಳು ಮುಟ್ಟಲೇ ಇಲ್ಲ.
"ಗೌಟು, ನವಲೆಯವರೇ. ರಕ್ತದಲ್ಲಿ ಯೂರಿಕ್ ಆಮ್ಲ ಏರಿ
ಕೀಲಲ್ಲಿ ಹರಳುಗಟ್ಟಿದೆ.
ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಥೇಟು ಸೂಜಿ."

ಸೂಜಿ! ನಲವತ್ತು ವರ್ಷ ಅದರ ಅನ್ನ ಉಂಡವನಿಗೆ,
ಉದುರಿದ್ದನ್ನು ಅಯಸ್ಕಾಂತ ಆಡಿಸಿ ಹೆಕ್ಕಿ
ಎಣಿಸಿಯೇ ಅಂಗಡಿ ಬಾಗಿಲು ಹಾಕುವವನಿಗೆ
ಲೆಕ್ಕಕ್ಕೆ ಸಿಗದಷ್ಟು ಸೂಜಿ ಒಳಗೆ.

ಭಾನುವಾರದ ಲಿವರ್ ಫ್ರೈ, ಒಣಸಿಗಡಿ ಚಟ್ನಿ,
ಬಸ್‌ಸ್ಟ್ಯಾಂಡ್ ಹಿಂದಿನ ಬಿಯರು,
ಕೇಳುವ ಮೊದಲೇ ಎಲ್ಲ ಒಪ್ಪಿಕೊಂಡೆ.
"ಅದು ಇರಲಿ, ಕಡಿಮೆ ಮಾಡಿ.
ನಿಮ್ಮ ತಂದೆಯ ಕಾಲು ಹೇಗಿತ್ತು?"

ಅಪ್ಪ ಬಲಗಾಲಿನ ಬೂಟಿಗೆ
ಕತ್ತರಿ ಹಾಕಿ ಕಿಟಕಿ ತೆರೆದಿದ್ದ.
ಬೆರಳು ಹೊರಗೆ, ಕೆಂಪಗೆ.
ಬೀದಿಯೆಲ್ಲ ನಕ್ಕಿತ್ತು, ನಾನೂ.
ಹೊಸದು ಕೊಳ್ಳಲಾರದ ಜಿಪುಣ ಅಂದುಕೊಂಡಿದ್ದೆ.

ಊತ ಹತ್ತು ದಿನಕ್ಕೆ ಇಳಿಯಿತು.
ನಿಜವಾದ ಔಷಧ ಆಮೇಲೆ ಶುರು:
ನೋವಿಲ್ಲದ ದಿನವೂ ನುಂಗುವ ಗುಳಿಗೆ,
ಚೊಂಬುಗಟ್ಟಲೆ ನೀರು,
ಮೂರು ತಿಂಗಳಿಗೊಮ್ಮೆ ರಕ್ತ ಕೊಟ್ಟು
ಆರಕ್ಕಿಂತ ಕೆಳಗೆ ಬಂತೇ ಎಂದು ಚೀಟಿ ನೋಡುವುದು.
ನಡುವೆ ಒಮ್ಮೆ ಮತ್ತೆ ಚುಚ್ಚಿತು; ಬಿಟ್ಟುಬಿಡೋಣ ಅನ್ನಿಸಿತು.
"ಕರಗುವಾಗಲೂ ಚುಚ್ಚುತ್ತವೆ, ಬಿಡಬೇಡಿ" ಎಂದರು.
ಅದು ನನಗೆ ಅರ್ಥವಾಗುತ್ತದೆ.
ತಪ್ಪಾದ ಹೊಲಿಗೆಯನ್ನು ಎಳೆದು ಕೀಳಲಾಗದು,
ಒಂದೊಂದೇ ಗಂಟು ಬಿಡಿಸಬೇಕು,
ಬಟ್ಟೆ ಉಳಿಯಬೇಕಲ್ಲ.

ಈಗ ಪೆಡಲು ತುಳಿಯುತ್ತೇನೆ,
ಸಾಗರದ ಶಾಲೆಯೊಂದರ ನೂರಿಪ್ಪತ್ತು ಚಡ್ಡಿ.
ಸಂಜೆ ಭದ್ರಾವತಿಯ ಅಕ್ಕನಿಗೆ ಫೋನು ಮಾಡಬೇಕು:
ಆ ಬೂಟು ಏನಾಯಿತು?
ನಿನ್ನ ಕಾಲು ಹೇಗಿದೆ?