ಮೂರನೆಯದು

ಕೆಮ್ಮುತ್ತಿದೆ, ಅಂದೆ.
ಯಂತ್ರಕ್ಕೆ ಗಂಟಲಿಲ್ಲ, ಅಂದ ತಿಯೊ ಅಸೆಂಜೆ
ದಡದ ಕಲ್ಲಿನ ಮೇಲೆ ಕೂತು ಪಾದ ಉಜ್ಜುತ್ತ.
ಯಾವಾಗ, ಎಷ್ಟು ಹೊರೆಗೆ, ಏರಿಗೋ ಇಳಿವಿಗೋ,
ಅಷ್ಟು ಹೇಳು. ಉಪಮೆ ನಿನ್ನ ಹತ್ತಿರವೇ ಇರಲಿ.

ಸರಿ.
ಅಟ್ಜೋನಿ ಕಟ್ಟೆ ಬಿಟ್ಟಾಗ ಚೆನ್ನಾಗಿಯೇ ಇತ್ತು.
ಹನ್ನೊಂದು ಜನ, ಆರು ಮೂಟೆ ಅಕ್ಕಿ, ಒಂದು ಫ್ರೀಜರ್,
ಶಾಲೆಗೆ ಹೊಸದಾಗಿ ಬಂದ ಮೇಷ್ಟರು, ಅವರ ಕೊಡೆ.
ಬೇಸಗೆಗೆ ಹೊಳೆ ಇಳಿದು ಬಂಡೆಗಳೆಲ್ಲ ಎದ್ದು ಕೂತಿವೆ.
ಎರಡನೆಯ ಸೂಲದಲ್ಲಿ, ನೀರು ಮುರಿದು ಬೀಳುವಲ್ಲಿ,
ಹಿಡಿಕೆ ಪೂರ್ತಿ ತಿರುಗಿಸಿದೆ.
ನಡುಕ ಹೆಚ್ಚಿತು, ವೇಗ ಹೆಚ್ಚಲಿಲ್ಲ.
ಮುಂದೆ ಕೋಲು ಹಿಡಿದು ನಿಂತ ದೋಸು
ತಿರುಗಿ ನನ್ನ ಮುಖ ನೋಡಿದ.
ಹೊಳೆ ನಮ್ಮನ್ನು ನಾಲ್ಕು ಮಾರು ಹಿಂದಕ್ಕೆ ತಂದು
ಬಂಡೆಯ ಪಕ್ಕ ಇಟ್ಟಿತು, ಮೆಲ್ಲಗೆ,
ಪಕ್ಕದ ಮನೆಯ ಪಾತ್ರೆ ವಾಪಸು ಇಡುವ ಹಾಗೆ.

ಮತ್ತೆ ಉಪಮೆ, ಅಂದ.
ಆದರೂ ಎದ್ದ.

ಟ್ಯಾಂಕಿನ ಮುಚ್ಚಳದ ಗಾಳಿ ತಿರುಪು ತೆರೆದೇ ಇತ್ತು.
ನಿನ್ನ ತಮ್ಮನಾಗಿದ್ದರೆ ಇಲ್ಲೇ ಮುಗಿಯುತ್ತಿತ್ತು ಕೆಲಸ.
ರಬ್ಬರು ಬುರುಡೆ ಹಿಸುಕಿದ. ಗಟ್ಟಿ.
ಪೈಪನ್ನು ಗೇಣು ಗೇಣಾಗಿ ತಡವಿದ. ಬಿರುಕಿಲ್ಲ.
ಜಾಮ್ ಬಾಟಲಿಗೆ ಪೆಟ್ರೋಲು ಸುರಿದು ಬಿಸಿಲಿಗೆ ಹಿಡಿದ.
ತಳದಲ್ಲಿ, ಯಾವುದಕ್ಕೂ ಸೇರದ ಒಂದು ಹನಿ ನೀರು
ದುಂಡಗೆ ಉರುಳಾಡಿತು.
ಇದೂ ಹೌದು, ಅಂದ. ಆದರೆ ಇದಲ್ಲ.

ಮೇಲಿನ ಕವಚ ತೆಗೆಸಿದ. ಚಾಲೂ ಮಾಡಿಸಿದ.
ಒಂದು ಕಾಲಿನ ಚಪ್ಪಲಿ ಅವನ ಕೈಗೆ ಬಂತು,
ರಬ್ಬರಿನದು, ಶಾಕ್ ಹೊಡೆಯದಿರಲೆಂದು.
ಮೊದಲ ಪ್ಲಗ್ಗಿನ ಟೋಪಿ ಎಳೆದ.
ಎಂಜಿನ್ ಮಂಡಿಯೂರಿತು. ನಾನು ಬಾಯಿ ಬಿಡಲಿಲ್ಲ.
ತೊಡಿಸಿ, ಎರಡನೆಯದನ್ನು ಎಳೆದ. ನಿಂತೇ ಹೋಯಿತು.
ಹಗ್ಗ ಜಗ್ಗಿ ಎಬ್ಬಿಸಿದೆ.
ಮೂರನೆಯದನ್ನು ಎಳೆದ.

ಏನೂ ಆಗಲಿಲ್ಲ.
ಅದೇ ಸದ್ದು, ಅದೇ ನಡುಕ, ಅದೇ ನೀಲಿ ಹೊಗೆ.

ತೆಗೆದರೂ ಏನೂ ಬದಲಾಗದಿದ್ದರೆ
ತೊಂದರೆ ಅಲ್ಲೇ, ಅಂದ.

ಆ ಮಾತು ನನಗಲ್ಲ. ಗೊತ್ತು.
ಆದರೆ ಹೋದ ಮಳೆಗಾಲ ಮಲೇರಿಯ ಹಿಡಿದು
ಒಂಬತ್ತು ವಾರ ತೂಗುಮಂಚದಲ್ಲಿ ಬಿದ್ದಿದ್ದೆ.
ದೋಣಿ ದಿನಾ ಹೋಯಿತು, ದಿನಾ ಬಂತು,
ಹಿಡಿಕೆಗೆ ತಮ್ಮನ ಕೈ.
ದುಡ್ಡಿನ ಡಬ್ಬಿ ಸಂಜೆಗೆ ಸರಿಯಾಗಿ ಮನೆ ಸೇರಿತು.
ಹೊಳೆಯ ತಿರುವಿನಲ್ಲಿ ಸದ್ದು ಕೇಳುವಾಗೆಲ್ಲ
ಎಲ್ಲಾದರೂ ತಪ್ಪೀತೇ ಎಂದು ಕಿವಿಗೊಡುತ್ತಿದ್ದೆ.
ತಪ್ಪಲಿಲ್ಲ.

ಪ್ಲಗ್ ಬಿಚ್ಚಿ ಲೋಹಕ್ಕೆ ತಾಗಿಸಿ ಹಗ್ಗ ಜಗ್ಗಿಸಿದ.
ಕಿಡಿ ಇದೆ, ದಪ್ಪಗೆ.
ತೂತಿಗೆ ಹೆಬ್ಬೆರಳಿಟ್ಟ. ದೂಡುತ್ತಿದೆ.
ಪ್ಲಗ್ಗಿನ ತುದಿ ಮೂಸಿ ನನಗೂ ಕೊಟ್ಟ:
ಎಣ್ಣೆಯ ವಾಸನೆಯಿಲ್ಲ, ಮಸಿಯಿಲ್ಲ, ಒಣ ಒಣ.
ಇದು ಕೆಟ್ಟಿಲ್ಲ, ಹುಡುಗಿ.
ಇದಕ್ಕೆ ಏನೂ ತಲುಪುತ್ತಿಲ್ಲ.
ಇವತ್ತಿನದೂ ಅಲ್ಲ ಇದು. ಸಮ ನೀರಿಗೆ ಎರಡೇ ಸಾಕು,
ಯಾರಿಗೂ ತಿಳಿಯುವುದಿಲ್ಲ.
ಅಷ್ಟು ದಿನವೂ ಬರಿದೇ ಕಿಡಿ ಹೊಡೆದಿದೆ ಪಾಪ.

ಪಾಪ ಅಂದೆಯಲ್ಲ, ಅಂದೆ.
ಸ್ಪ್ಯಾನರ್ ಕೊಡು, ಅಂದ.

ಮೂರನೆಯ ಕಾರ್ಬ್ಯುರೇಟರಿನ ಬಟ್ಟಲು ಕಳಚಿದಾಗ
ಹಳೆಯ ಪೆಟ್ರೋಲು ಅಂಟಾಗಿ ಹೆಪ್ಪುಗಟ್ಟಿತ್ತು.
ಹಿತ್ತಾಳೆಯ ಪುಟ್ಟ ಜೆಟ್ ಆಕಾಶಕ್ಕೆ ಹಿಡಿದ,
ಆಚೆ ಬೆಳಕಿಲ್ಲ.
ತಂತಿ ಚಾಚಿದೆ. ಬೇಡ, ತೂತು ಅಗಲವಾಗುತ್ತದೆ.
ಪೊರಕೆಯ ಒಂದು ಎಳೆ ಮುರಿದು ತಿವಿದ, ಊದಿದ, ಉಗಿದ,
ಮತ್ತೆ ತಿವಿದ. ಮೇಷ್ಟರು ಕೊಡೆ ಬಿಚ್ಚಿ ನೆರಳು ಹಿಡಿದರು,
ಬೆಳಕಿಗೆ ಅಡ್ಡ ಎಂದು ಬೈಸಿಕೊಂಡು ಮಡಿಚಿದರು.
ಮತ್ತೆ ಆಕಾಶಕ್ಕೆ ಹಿಡಿದು
ನೀನೇ ನೋಡು, ಅಂದ.

ಸಾಸಿವೆಗಿಂತ ಸಣ್ಣ ಬಿಸಿಲು.

ಕೂಲಿಗೆ ಎರಡು ಸೇರು ಅಕ್ಕಿ ಅಳೆಸಿಕೊಂಡ.
ಆ ಹನಿ ನೀರಿದ್ದ ಬಾಟಲಿಯನ್ನು
ಪೆಟ್ರೋಲು ಮಾರಿದವನಿಗೆ ತೋರಿಸಲು ಕಾಲ ಬಳಿ ಇಟ್ಟುಕೊಂಡೆ.
ಸೂಲದ ಬುಡದಲ್ಲಿ ಹಿಡಿಕೆ ತಿರುಗಿಸಿದೆ.
ಮೇಷ್ಟರ ಕೊಡೆ ಗಾಳಿಗೆ ತಲೆಕೆಳಗಾಯಿತು,
ಎಲ್ಲರೂ ನಕ್ಕರು.
ದೋಸು ಕಲ್ಲುಗಳನ್ನೇ ನೋಡುತ್ತಿದ್ದ.
ಒಮ್ಮೆಯೂ ಹಿಂದೆ ತಿರುಗಲಿಲ್ಲ.