ಎರಡು ಚುಕ್ಕೆ, ಒಂದು ಕಂಸ

ದಸ್ತಗೀರ ಬರೆದಿದ್ದಾನೆ, ರಾತ್ರಿ ಹತ್ತೂಕಾಲಿಗೆ:
"ಟ್ರೆಡಲ್ ಮಶೀನು ಇವತ್ತು ಗುಜರಿಗೆ ಹೋಯ್ತು ವಾರಿಜಕ್ಕ,
ಕೆಜಿ ಲೆಕ್ಕದಲ್ಲಿ."
ಕೆಳಗೆ ಸಾಲಾಗಿ ಮೂರು ಮುಖ,
ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡವು.

ಪ್ರೆಸ್ಸಿನ ಹಳಬರ ಗುಂಪು ನಮ್ಮದು, ಒಂಬತ್ತು ಜನ.
ಬೈಂಡಿಂಗಿನ ಶಾಂತವೀರ ಹೆಬ್ಬೆರಳೆತ್ತಿದ.
ಬಿಲ್ಲು ಬರೆಯುತ್ತಿದ್ದ ರೆಜಿನಾ ಕೈಮುಗಿದಳು.
ಯಾರೋ ಕನ್ನಡಕವಿಲ್ಲದೆ ಕೇಕು ಕಳಿಸಿ
ಅಳಿಸಲು ಬಾರದೆ ಸುಮ್ಮನಾದರು.
ನಾನು ಇನ್ನೂ ಏನೂ ಕಳಿಸಿಲ್ಲ.

ಈ ಮುಖಗಳ ಪೆಟ್ಟಿಗೆ ತೆರೆದಾಗೆಲ್ಲ
ದುರ್ಗಿಗುಡಿಯ ಆ ಕೇಸು ಕಣ್ಣಿಗೆ ಬರುತ್ತದೆ:
ಮನೆಮನೆಯಾಗಿ ಅ ಆ ಇ ಈ, ತಲಕಟ್ಟು, ಕೊಂಬು, ಒತ್ತು,
ಮೂಲೆಯ ಖಾನೆಯಲ್ಲಿ ಬ್ಲಾಕುಗಳು,
ಮದುವೆಗೆ ಗಣಪತಿ, ನಾಮಕರಣಕ್ಕೆ ತೊಟ್ಟಿಲು,
ತಿಥಿಗೆ ಒಂಟಿ ದೀಪ.
ಕರೆಂಟು ಹೋದರೂ ಬೆರಳಿಗೆ ಗೊತ್ತಿತ್ತು ಯಾವುದು ಎಲ್ಲಿ.
ಅದಲು ಬದಲಾದರೆ ಷಡಕ್ಷರಪ್ಪನವರು ಬೈಯುತ್ತಿರಲಿಲ್ಲ.
"ಅಮ್ಮಾ, ದೀಪ ತೊಟ್ಟಿಲಲ್ಲಿ ಮಲಗಿದೆ" ಎನ್ನುತ್ತಿದ್ದರು.
ಅಷ್ಟು ಸಾಕಾಗಿತ್ತು.

ಸೀಸಕ್ಕೆ ತೂಕವಿತ್ತು.
ಒಂದು ಚಿತ್ರ ಇಡಬೇಕಾದರೆ ಎತ್ತಬೇಕು, ಒರೆಸಬೇಕು,
ಸುತ್ತ ಜಾಗ ಬಿಡಬೇಕು, ಬಿಗಿಯಬೇಕು.
ಅಷ್ಟರೊಳಗೆ ಮನಸ್ಸು ಕೇಳಿಬಿಡುತ್ತಿತ್ತು:
ಇದು ಬೇಕಾ ಇಲ್ಲಿ?
ಇವಕ್ಕೆ ತೂಕವೇ ಇಲ್ಲ. ಮುಟ್ಟಿದರೆ ಹೋಯಿತು,
ತುಂಗೆ ದಾಟಿ ಯಾರದೋ ದಿಂಬಿನ ಪಕ್ಕ
ಟಿಣ್ ಎಂದಿತು.

ಹಾಗಂತ ನಾವೇನು ಕಮ್ಮಿ ಇರಲಿಲ್ಲ.
ಎಂಬತ್ತೇಳೋ ಎಂಬತ್ತೆಂಟೋ, ಯಾರದೋ ಅಜ್ಜನ ಉತ್ತರಕ್ರಿಯೆ ಕಾರ್ಡು.
ಕರಡಚ್ಚು ನೋಡಿದವಳು ನಾನೇ.
ದಿನಾಂಕ ಸರಿ, ಸಮಯ ಸರಿ,
ಕೊನೆಯ ಸಾಲಿಗೆ ಎಲ್ಲಿಂದಲೋ ಜಾರಿ ಬಂದ ಕಂಸವೊಂದು
ಚುಕ್ಕೆಗಳ ಮಗ್ಗುಲಲ್ಲಿ ಬಿಗಿದುಕೊಂಡಿತ್ತು,
ಸ್ಥಳ :)
ಇನ್ನೂರು ಪ್ರತಿ, ಕಪ್ಪು ಅಂಚು.
ದಸ್ತಗೀರ ಒಂದನ್ನೆತ್ತಿ ಅಡ್ಡ ಹಿಡಿದ:
"ನೋಡಕ್ಕ, ಅಜ್ಜ ನಗ್ತಿದ್ದಾನೆ."
ಹಂಚಿದ್ದೂ ಆಯಿತು, ಉಂಡದ್ದೂ ಆಯಿತು,
ಊರಲ್ಲಿ ಒಬ್ಬರೂ ಕಾರ್ಡು ಅಡ್ಡ ತಿರುಗಿಸಲಿಲ್ಲ.

ಅದೇ ಕಂಸ ಕಿತ್ತು, ತಲೆಕೆಳಗು ಮಾಡಿ ಇಟ್ಟು ತೋರಿಸಿದ್ದೆ.
ಚುಕ್ಕೆಗಳು ಅಲ್ಲಾಡಲಿಲ್ಲ, ಬಾಯಿ ಮಾತ್ರ ಸೊಟ್ಟಗಾಯಿತು.
"ಒಂದೇ ಮೊಳೆನಾ?" ಅಂದ.
"ಒಂದೇ" ಅಂದೆ.
ಅವತ್ತು ಮಧ್ಯಾಹ್ನವೆಲ್ಲ ಅವನು ಮಾತಾಡಲಿಲ್ಲ.

ಇಪ್ಪತ್ತಾರು ವರ್ಷ ಅಕ್ಷರವನ್ನು ಹಿಂದುಮುಂದಾಗಿ ಓದಿದವಳು.
ಕಾಗದಕ್ಕೆ ಒತ್ತಿದ ಮೇಲೆ ಏನಾಗುತ್ತದೋ
ಒತ್ತುವ ಮುಂಚೆ ತಿಳಿಯುವುದೇ ನನ್ನ ಕೆಲಸವಾಗಿತ್ತು.
ದಸ್ತಗೀರನ ಮುಖಗಳನ್ನೂ ಹಾಗೇ ಓದುತ್ತೇನೆ, ಬಲದಿಂದ.
ಮೂರನೆಯದು ಯಾಕೆ?
ತಮಾಷೆಗೆ ಎರಡು ಸಾಕಿತ್ತಲ್ಲ.

ಆ ಮಶೀನು ಅವನ ತೋರುಬೆರಳಿನ ತುದಿ ತಿಂದಿತ್ತು.
ಕಟ್ಟು ಬಿಚ್ಚುವ ಮೊದಲೇ ಬಂದು
ಅದಕ್ಕೇ ಎಣ್ಣೆ ಹಾಕಿದ್ದ.
ಇವತ್ತು ತಕ್ಕಡಿಗೆ ಏರಿದ್ದರಲ್ಲಿ
ಅವನದೂ ಒಂದಿಷ್ಟು ಇತ್ತು.

ನಗುವುದಕ್ಕೆ ನಗುವುದನ್ನೇ ಕೊಟ್ಟರೆ
ಅವನನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದಂತೆ.
ಅಳುವುದನ್ನು ಕೊಟ್ಟರೆ
ಅವನು ಮಡಿಸಿಟ್ಟದ್ದನ್ನು ಒಂಬತ್ತು ಜನರೆದುರು ಕೊಡವಿದಂತೆ.
ಪೆಟ್ಟಿಗೆ ಮುಚ್ಚಿದೆ.
ಗುಂಪಿನಿಂದ ಹೊರಗೆ, ಅವನೊಬ್ಬನಿಗೆ,
ಮೊಳೆ ಮೊಳೆ ಹೆಕ್ಕಿದ ಹಾಗೆ ಜೋಡಿಸಿದೆ:
"ಬೆರಳು ನೋಯ್ತಿದೆಯಾ?"

ನೀಲಿ ಗೀಟು ಎರಡು.
ಬರೆಯುತ್ತಿದ್ದಾನೆ. ನಿಲ್ಲಿಸಿದ. ಬರೆಯುತ್ತಿದ್ದಾನೆ.
ಗೋಪಿ ಸರ್ಕಲ್ ಕಡೆ ಯಾವುದೋ ಬಸ್ಸು ಗೇರು ಬದಲಿಸಿತು.
ಆಮೇಲೆ ಬಂತು, ಚುಕ್ಕೆ ಎರಡೇ,
ಒಂದರ ಮೇಲೊಂದು,

:

ಕಂಸ ಇನ್ನೂ ಅವನ ಕೈಯಲ್ಲೇ ಇದೆ.
ಯಾವ ಕಡೆ ತಿರುಗಿಸುತ್ತಾನೋ.
ಫೋನು ಅಡ್ಡ ಹಿಡಿದರೆ ಅಕ್ಷರವೂ ಜೊತೆಗೇ ತಿರುಗುತ್ತದೆ,
ಅದಕ್ಕೇ ಕತ್ತು ವಾಲಿಸಿಕೊಂಡು
ಕೂತಿದ್ದೇನೆ.