ಹನ್ನೆರಡನೇ ಖಾನೆ

ನಮ್ಮ ಲ್ಯಾಬಿನ ರಜಿಸ್ಟರಿನ್ಯಾಗ ಹನ್ನೊಂದು ಖಾನೆ.
ಹೆಸರು, ವಯಸ್ಸು, ಓಣಿ,
ಮುಂದ ಸಕ್ಕರಿ, ಕಾಮಣಿ, ಮಲೇರಿಯಾ ಅಂತ ಸಾಲಿಗೆ,
ಕಡೀಕ ಷರಾ.
ಸೀಸಕ್ಕ ಜಾಗ ಇಲ್ಲ.

ಬುಧವಾರ ಜೈಬುನ್‌ಬಿ ಬಂದಿದ್ಲು,
ಬಗಲಾಗ ಇಮಾಮು.
ನಾಕು ತುಂಬಿ ಐದರಾಗ ಬಿದ್ದಾನ,
ಎತ್ತಿಕೊಂಡರ ಎರಡರ ಕೂಸಿನ ತೂಕ.
'ಹೊಟ್ಟಿ ಹಿಡಕೊಂಡು ಅಳತಾನ್ರಿ ಅಕ್ಕಾರ,
ನಿನ್ನೆ ಕಲಿತಿದ್ದು ಇವತ್ತ ಇರೂದಿಲ್ಲ.'
ಜಂತದ ಗುಳಿಗಿ ಎರಡು ಸಲ ಕೊಟ್ಟಾರ.
ಅಂಗನವಾಡಿಯಾಗ ಮಂದ ಅಂದಾರ.

ಜಮಖಂಡಿ ಡಿಪೋದ ಹಿಂದ ಅವರ ಸಂದಿ.
ಕಬ್ಬಿನ ಹಂಗಾಮಿಗೆ ಸತ್ತ ಟ್ರ್ಯಾಕ್ಟರ್ ಬ್ಯಾಟರಿ
ಅಲ್ಲಿ ಗುಡ್ಡಿ ಬೀಳತಾವ.
ಅಪ್ಪ ಕೊಡಲೀಲೆ ಒಡೀತಾನ, ಅವ್ವ ಪ್ಲೇಟು ತೊಳೀತಾಳ,
ಅಜ್ಜ ಕಡಾಯಿಯಾಗ ಕರಗಸ್ತಾನ,
ಬೂದಿ ಬಣ್ಣದ ಕೆನಿ ಕಟ್ಟತೈತಿ, ಹಾಲಿಗೆ ಕಟ್ಟಿದಂಗ.
ಹುಡುಗ ಹೊಸ್ತಿಲದಾಗ ಕುಂತು
ಧೂಳಿನ್ಯಾಗ ಗಾಡಿ ಓಡಸ್ತಾನ, ಬೆರಳು ಚೀಪತಾನ.
'ರುಚಿ ಹೆಂಗೈತೋ?' ಕೇಳಿದೆ.
'ಸೀ' ಅಂದ.
ಸೀಸದ ಮೊದಲನೇ ಅಕ್ಷರ
ಅದೊಂದು ಮಾತ್ರ ಅವಗ ಬಾಯಿಪಾಠ.

ಹೋದ ವರ್ಷ ಸಕ್ಕರಿ ಫ್ಯಾಕ್ಟರಿ ಇಂಜಿನಿಯರ್ರ ಮಗಳಿಗೂ
ನಾನೇ ನೆತ್ತರ ತಗದಿದ್ದೆ, ಕ್ವಾಟರ್ಸಿಗೆ ಹೋಗಿ.
ತೊಟ್ಟಿಲದ ಬಣ್ಣ ಸಿಪ್ಪಿ ಎದ್ದಿತ್ತು,
ಪುಣೆದಾಗ ಡಾಕ್ಟರ್ ಇದ್ದ ಚಿಕ್ಕಮ್ಮ ಫೋನ್ ಮಾಡಿದ್ಲು.
ನೇರಳಿ ಟೋಪಿಯ ಸೀಸೆ
ಕಾರಿನ್ಯಾಗ ಮೀರಜಕ್ಕ, ಅಲ್ಲಿಂದ ಮುಂಬೈಕ್ಕ.
ನಾಕನೇ ದಿನ ರಿಪೋರ್ಟು ಬಂತು: ತುಸು ಹೆಚ್ಚು.
ಗ್ವಾಡಿ ಕೆರಸಿದರು, ಹೊಸ ಬಣ್ಣ ಹೊಡಸಿದರು.
ತೊಟ್ಟಿಲಾ ಕಸ ಗುಡಸೂಾಕಿ ಒಯ್ದಳು,
ಅಕಿಗೆ ಆಗಷ್ಟ ಮೊಮ್ಮಗ ಹುಟ್ಟಿದ್ದ.

ಅವರು ಮಾಡಿದ್ದು ತಪ್ಪು ಅನ್ನಲಾರೆ. ಆ ಕೂಸೂ ಕೂಸ.
ಇಬ್ಬರದೂ ನರ ಮೊದಲನೇ ಚುಚ್ಚಿಗೆ ಸಿಗಲಿಲ್ಲ,
ಇಬ್ಬರೂ ನನ್ನ ಸೆರಗು ಹಿಡದು ಒದರಿದರು.

ಸಾಹೇಬರನ್ನ ಕೇಳಿದೆ.
'ತಾಲೂಕಿನ್ಯಾಗ ಒಂದೂ ಕೇಸ್ ಇಲ್ಲವಾ,
ಕಿಟ್ ಯಾವ ಬಾಯಿಲೆ ಕೇಳಲಿ?'
ಕೆಟ್ಟ ಮನಷಾ ಅಲ್ಲ,
ಡಬ್ಬಿಯಾಗಿನ ರೊಟ್ಟಿ ನನಗೂ ಮುರದು ಕೊಡತಾರ.
ಕಿಟ್ ಇಲ್ಲಂತ ಕೇಸ್ ಇಲ್ಲ,
ಕೇಸ್ ಇಲ್ಲಂತ ಕಿಟ್ ಇಲ್ಲ.
ರೊಟ್ಟಿ ಗಂಟಲಾಗ ನಿಂತಿತ್ತು.

ಬಸ್‌ಸ್ಟ್ಯಾಂಡ್ ಎದರಿನ ಲ್ಯಾಬಿನ್ಯಾಗ ಹದಿನೆಂಟನೂರು.
ಜೈಬುನ್‌ಬಿಗೆ ದಿನಕ್ಕ ಎರಡನೂರಾ ಐವತ್ತು.
ಬೆರಳು ಮಡಚಕೋತ ಹೋದಳು,
ಒಂದು ಕೈ ಮುಗೀತು,
ಇನ್ನೊಂದರ ಮೂರನೇ ಬೆರಳಿಗೆ ನಿಂತಳು.
'ಹೆಚ್ಚ ಬಂತು ಅಂದ್ರ ಏನ ಮಾಡೂದ್ರಿ?
ಸಂದಿ ಬಿಡೂದೇನು?'
ಟೆಸ್ಟಿನ ಮಾತಾದರ ನನಗ ಗೊತ್ತಿತ್ತು.
ಸುಮ್ಮನ ಹತ್ತಿ ಒತ್ತಿ ಹಿಡದೆ.

ಅವತ್ತ ಸಂಜೀಕ ಸ್ಕೇಲ್ ಇಟ್ಟು ಗೆರಿ ಎಳದೆ,
ಷರಾದ ಆಚೆ, ಹಾಳಿಯ ಅಂಚಿಗೆ.
ತಲಿಮ್ಯಾಲ ಬರದೆ: ಸೀಸ.
ಸೀಸದಕಡ್ಡೀಲೇ ಬರದೆ, ನಗಿ ಬಂತು.
ಸೀಸದಕಡ್ಡಿಯಾಗ ಸೀಸ ಇರೂದಿಲ್ಲ, ಹೆಸರಷ್ಟ ಐತಿ.
ಈ ಹುಡುಗನ್ಯಾಗ ಇದ್ದೀತು, ಹೆಸರಿಲ್ಲ.

ಆ ಸಂದಿಯಿಂದ ಈ ತಿಂಗಳು ಇಪ್ಪತ್ಮೂರು ಮಕ್ಕಳು.
ಇಪ್ಪತ್ಮೂರು ಖಾನೆ ಖಾಲಿ ಬಿಟ್ಟೇನಿ.
ಅಳಿಸೂದಿಲ್ಲ.
ಗೆರಿ ಹೊಡದು ಮುಚ್ಚೂದೂ ಇಲ್ಲ.

ನಿನ್ನೆ ಇಮಾಮು ಮತ್ತ ಬಂದಿದ್ದ.
ನಾನು ಸೂಜಿ ತರೂದರಾಗ
ಟೇಬಲಿಗೆ ಜೋತು ಬಿದ್ದು ಕಡ್ಡಿ ಹಿಡದ,
ಮುಷ್ಟಿ ಕಟ್ಟಿ, ನಾಲಿಗಿ ಹೊರಗ ಹಾಕಿ,
ತನ್ನ ಹೆಸರಿನ ಸಾಲಿನ್ಯಾಗ
ಒಂದು ಉರುಟು ಗೀಚಿದ.
ಕೈ ನಡುಗತಿತ್ತು, ಕೊನಿ ಕೂಡಲಿಲ್ಲ.

ಸಾಹೇಬರ, ಹಾಳಿ ಹಂಗ ಕಳಸೇನಿ.
ಅದು ಟ್ರ್ಯಾಕ್ಟರಿನ ಗಾಲಿ, ಅಂವನ ಹೇಳಿದ.
ಸೊನ್ನಿ ಅಂತ ಓದಬ್ಯಾಡ್ರಿ.